ಕಲ್ಲಾದ ಏಡಿ ಹುಡುಕುವುದು ಹೇಗೆ: ಕಾಸರಗೋಡಿನ ಹವ್ಯಾಸಿಗಳಿಗೆ ಒಂದು ಮಾರ್ಗದರ್ಶಿ

ಪಳೆಯುಳಿಕೆ ಹುಡುಕುವ ಹವ್ಯಾಸ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಡೈನೋಸಾರ್. ಅದನ್ನು ಗುಜರಾತಿನವರಿಗೆ ಬಿಟ್ಟುಬಿಡೋಣ. ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯವರಿಗೆ ಹೇಳಿ ಮಾಡಿಸಿದ್ದು ಏಡಿ, ಸಿಗಡಿಗಳ ಪಳೆಯುಳಿಕೆ. ಮೀನು ಮಾರುಕಟ್ಟೆಯಲ್ಲಿ ಏಡಿಯನ್ನು ಮಗುಚಿ ಹಾಕಿ, ಹೊಟ್ಟೆ ನೋಡಿ ಗಂಡೋ ಹೆಣ್ಣೋ ಹೇಳುವ ಜನ ನಾವು. ಪುಸ್ತಕ ಓದಿ ಕಲಿಯುವವರಿಗೆ ವರ್ಷ ಹಿಡಿಯುವ ಪಾಠ ನಮಗೆ ಅರ್ಧ ಮೊದಲೇ ಗೊತ್ತಿರುತ್ತದೆ.

ಶುರು ಮಾಡುವ ಮೊದಲೇ ಒಂದು ಮಾತು ಮನಸ್ಸಿನಲ್ಲಿರಲಿ. ಇಡೀ ಏಡಿ ಹುಡುಕಿಕೊಂಡು ಹೋಗಬೇಡಿ, ಬೆರಳು ಹುಡುಕಿ. ಬೆರಳು ಅಂದರೆ ಏಡಿಯ ಇಕ್ಕಳದ ತುದಿ. ಫೋಟೋಗಳಲ್ಲಿ ಕಾಣುವ, ಎಂಟೂ ಕಾಲು ಚಾಚಿಕೊಂಡ ಕಲ್ಲೇಡಿ ಸಿಗುವುದು ತೀರಾ ಅಪರೂಪ. ಬೆರಳಿನ ತುಂಡು, ಬೆನ್ನಿನ ಚಿಪ್ಪಿನ ಚೂರು, ಬಂಡೆಗೆ ಅಂಟಿಕೊಂಡು ಬದುಕುವ ಬಾರ್ನಕಲ್‌ನ ಗೋಡೆ, ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವ ಆಸ್ಟ್ರಕಾಡ್ ಅನ್ನುವ ಪುಟ್ಟ ಪ್ರಾಣಿಯ ಚಿಪ್ಪು ಇಷ್ಟು ಸಿಕ್ಕರೆ ಒಳ್ಳೆಯ ದಿನ. ಚೆನ್ನಾಗಿ ಉಳಿದದ್ದು ಅಂದರೆ ದೊಡ್ಡದು ಅಂತ ಅರ್ಥ ಅಲ್ಲ. ಒಂದು ಸೆಂಟಿಮೀಟರ್ ಉದ್ದದ ಬೆರಳಿನಲ್ಲಿ ಹಲ್ಲಿನ ಸಾಲು, ಕೂದಲು ಹುಟ್ಟುವ ಸೂಜಿರಂಧ್ರ, ಕೀಲಿನ ಗುಬುಟು ಮೂರೂ ಕಾಣುತ್ತಿದ್ದರೆ, ಅಂಗೈಯಗಲದ ಸವೆದ ಚಿಪ್ಪಿಗಿಂತ ಅದೇ ಮೇಲು.

ನಮ್ಮ ಮುರಕಲ್ಲಿನಲ್ಲಿ ಯಾಕೆ ಸಿಗುವುದಿಲ್ಲ

ಹಿತ್ತಿಲಿನ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಒಡೆದು ನೋಡೋಣ ಅಂತ ಹೊರಡುವವರು ಇದ್ದಾರೆ. ಬೇಡ. ಮುರಕಲ್ಲು ಹುಟ್ಟುವುದೇ ಮಳೆ ನೀರು ಲಕ್ಷಾಂತರ ವರ್ಷ ಕಲ್ಲಿನೊಳಗೆ ಇಳಿದು, ಸುಣ್ಣದ ಅಂಶವನ್ನೆಲ್ಲ ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿಸಿದಾಗ. ಏಡಿಯ ಚಿಪ್ಪಿನ ಗಟ್ಟಿತನವೆಲ್ಲ ಸುಣ್ಣದ್ದು. ಅದು ಅಲ್ಲಿ ಉಳಿಯುವ ಮಾತೇ ಇಲ್ಲ. ಮುರಕಲ್ಲಿನ ಕೆಳಗಿರುವ ಗಟ್ಟಿ ಬಂಡೆಯೋ, ಭೂಮಿಯ ಮೇಲೆ ಏಡಿ ಹುಟ್ಟುವುದಕ್ಕೆ ಇನ್ನೂ ನೂರಾರು ಕೋಟಿ ವರ್ಷ ಇದ್ದಾಗಿನದು. ಮಾಡಾಯಿ, ಪಯ್ಯಂಗಾಡಿ ಕಡೆ ಜೇಡಿಮಣ್ಣಿನ ಗಣಿಗಳಲ್ಲಿ ಕರಿದಾದ ಮರದ ತುಂಡು ಸಿಗುತ್ತದೆ. ಅದು ಬೇರೆ ಕಥೆ.

ನಮಗೆ ಬೇಕಾದದ್ದು ಸಮುದ್ರದಲ್ಲಿ ಹುಟ್ಟಿದ ಸುಣ್ಣದಕಲ್ಲು, ಇಲ್ಲವೇ ಸುಣ್ಣ ಬೆರೆತ ಜೇಡಿ. ನಮ್ಮ ಕೇರಳ ರಾಜ್ಯದಲ್ಲೇ ಅದು ಇದೆ, ಕೊಲ್ಲಂನಲ್ಲಿ. ಮಲಬಾರ್ ಎಕ್ಸ್‌ಪ್ರೆಸ್‌ನಲ್ಲಿ ಸಂಜೆ ಕಾಸರಗೋಡಿನಲ್ಲಿ ಹತ್ತಿದರೆ ಬೆಳಗ್ಗೆ ಅಲ್ಲಿ ಇಳಿಯಬಹುದು. ಆದರೆ ಟಿಕೆಟ್ ತೆಗೆಯುವ ಮೊದಲು ಮನೆಯಲ್ಲೇ ಮುಗಿಸಬೇಕಾದ ಕೆಲಸ ಇದೆ.

ಮೊದಲ ಪಾಠ ಅಡುಗೆಮನೆಯಲ್ಲಿ

ಭಾನುವಾರ ಏಡಿ ಸಾರು ಮಾಡಿದ ದಿನ ತಟ್ಟೆಯಲ್ಲಿ ಉಳಿದದ್ದನ್ನು ಎಸೆಯಬೇಡಿ. ತೊಳೆದು, ಬಿಸಿಲಲ್ಲಿ ಒಣಗಿಸಿ, ಒಂದು ಹಳೆಯ ಪತ್ರಿಕೆಯ ಮೇಲೆ ಹರಡಿ. ಇರುವೆ, ಬೆಕ್ಕು, ಮನೆಯವರ ಗೊಣಗಾಟ ಮೂರನ್ನೂ ತಡೆದುಕೊಳ್ಳಬೇಕು. ಪರವಾಗಿಲ್ಲ.

ಬೆನ್ನಿನ ಚಿಪ್ಪನ್ನು ಬೆಳಕಿಗೆ ಹಿಡಿಯಿರಿ. ನಮ್ಮ ಮಾರುಕಟ್ಟೆಗೆ ಜಾಸ್ತಿ ಬರುವುದು ಬೆನ್ನ ಮೇಲೆ ಮೂರು ಕೆಂಪು ಚುಕ್ಕೆ ಇರುವ ಸಮುದ್ರದ ಏಡಿ. ಅದರ ಕಣ್ಣಿನಿಂದ ಪಕ್ಕದ ಉದ್ದ ಮುಳ್ಳಿನವರೆಗೆ ಅಂಚಿನಲ್ಲಿ ಎಣಿಸಿ, ಒಂದು ಬದಿಗೆ 9 ಹಲ್ಲು. ಹಿನ್ನೀರಿನ ಹಸಿರು ಏಡಿಗೂ 9. ಬೆನ್ನ ಮೇಲೆ ಶಿಲುಬೆಯಂಥ ಗುರುತಿರುವ ಏಡಿಗೆ 6. ಪಳೆಯುಳಿಕೆಯಲ್ಲಿ ಬಣ್ಣ ಇರುವುದಿಲ್ಲ, ಚುಕ್ಕೆ ಇರುವುದಿಲ್ಲ. ಆದರೆ ಈ ಹಲ್ಲಿನ ಲೆಕ್ಕ, ಚಿಪ್ಪಿನ ಮೇಲಿನ ಉಬ್ಬು ತಗ್ಗು, ಸಣ್ಣ ಸಣ್ಣ ಕಾಳುಗಳು ಕಲ್ಲಿನಲ್ಲೂ ಉಳಿಯುತ್ತವೆ. ಪಂಡಿತರು ಕಲ್ಲೇಡಿಗೆ ಹೆಸರಿಡುವುದು ಇವುಗಳಿಂದಲೇ.

ಈಗ ಇಕ್ಕಳ. ಎರಡು ಬೆರಳಲ್ಲಿ ಒಂದು ಮಾತ್ರ ಅಲ್ಲಾಡುತ್ತದೆ, ಇನ್ನೊಂದು ಅಂಗೈಯ ಮುಂದುವರಿದ ಭಾಗ. ಅಲ್ಲಾಡುವ ಬೆರಳನ್ನು ಬಿಡಿಸಿ ತೆಗೆಯಿರಿ. ಬುಡದಲ್ಲಿ ಕೀಲಿನ ಗುಬುಟು ಕಾಣುತ್ತದೆ. ಒಳಬದಿಗೆ ಹಲ್ಲುಗಳ ಸಾಲು, ದೊಡ್ಡದು ಚಿಕ್ಕದು ಬೆರೆತು. ಹೊರಬದಿಗೆ ಉದ್ದಕ್ಕೂ ಒಂದೆರಡು ಗೀರು, ಗೀರಿನೊಳಗೆ ಸೂಜಿಮೊನೆಯ ಗಾತ್ರದ ಗುಂಡಿಗಳು. ಅಡ್ಡಕ್ಕೆ ಮುರಿದರೆ ಒಳಗೆ ಟೊಳ್ಳು, ಸುತ್ತ ಗಟ್ಟಿ ಗೋಡೆ. ಈ ನಾಲ್ಕು ಗುರುತು ಬಾಯಿಪಾಠ ಆಗಬೇಕು. ಕೊಲ್ಲಂನಲ್ಲಿ ನೀವು ಹುಡುಕುವುದು ಇದನ್ನೇ.

ಬೆರಳೇ ಯಾಕೆ ಉಳಿಯುತ್ತದೆ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಬೆನ್ನಿನ ಚಿಪ್ಪನ್ನು ಕೈಯಲ್ಲೇ ಮುರಿಯಬಹುದು. ಬೆರಳು ಮುರಿಯಲು ಗುಂಡುಕಲ್ಲೇ ಬೇಕು. ಸಿಗಡಿಯ ಸಿಪ್ಪೆಯನ್ನು ಪಕ್ಕದಲ್ಲಿಟ್ಟು ನೋಡಿ, ಅದು ಕಾಗದದ ಹಾಗೆ. ಸುಣ್ಣ ಕಡಿಮೆ, ಬೇಗ ಕೊಳೆಯುತ್ತದೆ. ಹಾಗಾಗಿ ಸಿಗಡಿಯ ಪಳೆಯುಳಿಕೆ ಏಡಿಯದಕ್ಕಿಂತ ಎಷ್ಟೋ ವಿರಳ. ಜರ್ಮನಿಯ ಜೋಲ್ನ್‌ಹೋಫನ್‌ನಂಥ ಕಡೆ, ಸುಮಾರು 15 ಕೋಟಿ ವರ್ಷ ಹಿಂದೆ ಉಸಿರಿಲ್ಲದ ಉಪ್ಪುನೀರಿನ ತಳಕ್ಕೆ ಬಿದ್ದ ಸಿಗಡಿಗಳು ಮೀಸೆ ಸಮೇತ ಉಳಿದಿವೆ. ಅಲ್ಲಿ ತಳದಲ್ಲಿ ಅವನ್ನು ತಿನ್ನುವವರೂ ಇರಲಿಲ್ಲ, ಕೆದಕುವವರೂ ಇರಲಿಲ್ಲ.

ಇನ್ನೊಂದು ಸಂಗತಿ. ಏಡಿ ಬೆಳೆಯುವಾಗ ಹಳೆಯ ಚಿಪ್ಪು ಕಳಚುತ್ತದೆ. ಬೆನ್ನಿನ ಹಿಂಭಾಗ ಬಿಚ್ಚಿಕೊಂಡು, ಮೆತ್ತಗಿನ ಏಡಿ ಹಿಂದಕ್ಕೆ ಜಾರಿ ಹೊರಬರುತ್ತದೆ. ಒಂದೇ ಏಡಿ ಬದುಕಿನಲ್ಲಿ ಹತ್ತಾರು ಚಿಪ್ಪು ಬಿಡುತ್ತದೆ, ಸಾಯುವುದು ಒಮ್ಮೆ. ಹಾಗಾಗಿ ಕಲ್ಲಿನಲ್ಲಿ ಸಿಗುವ ಬಹಳಷ್ಟು ತುಂಡುಗಳು ಕಳಚಿದ ಚಿಪ್ಪುಗಳು. ಬೆನ್ನಿನ ಚಿಪ್ಪು ಹೊಟ್ಟೆಯ ಭಾಗದಿಂದ ಸರಿದು, ಹಿಂದೆ ಸಂದು ಬಿಟ್ಟಿದ್ದರೆ ಅದು ಕಳಚಿದ್ದು ಅಂತ ಊಹಿಸಬಹುದು. ಎಲ್ಲ ಬಿಗಿಯಾಗಿ ಕೂಡಿಕೊಂಡೇ ಇದ್ದರೆ, ಸತ್ತ ಏಡಿ ಕೆಸರಿನಲ್ಲಿ ಬೇಗ ಹೂತುಹೋಗಿದೆ.

ಬೇಕಲ ಕೋಟೆಯ ಕೆಳಗಿನ ಬಂಡೆಗಳನ್ನೂ ಒಮ್ಮೆ ನೋಡಿ ಬನ್ನಿ. ಅಂಟಿಕೊಂಡಿರುವ ಬಿಳಿ ಬಾರ್ನಕಲ್‌ಗಳು ಚಿಪ್ಪುಮೀನಿನ ಜಾತಿ ಅಲ್ಲ, ಏಡಿಯ ಬಳಗದವು. ಸುಣ್ಣದ ಹಲಗೆಗಳಿಂದ ಗೋಡೆ ಕಟ್ಟಿಕೊಂಡು, ಒಳಗಿನಿಂದ ಕಾಲು ಬೀಸಿ ಆಹಾರ ಹಿಡಿಯುತ್ತವೆ. ಈ ಗೋಡೆಯ ಹಲಗೆಗಳು ಗಟ್ಟಿ. ಪಳೆಯುಳಿಕೆಯಾಗಿ ಚೆನ್ನಾಗಿ ಉಳಿಯುತ್ತವೆ.

ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಮಸೂರ ಇಲ್ಲದೆ ಹೊರಡಬೇಡಿ. ಆಭರಣದ ಅಂಗಡಿಯವರು ಬಳಸುವಂಥದ್ದೇ ಸಾಕು. ಸಣ್ಣ ಸುತ್ತಿಗೆ, ಚಪ್ಪಟೆ ಉಳಿ, ಕಣ್ಣಿಗೆ ಕನ್ನಡಕ. ಮೆತ್ತನೆಯ ಪೇಂಟ್ ಬ್ರಷ್. ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಟಿಶ್ಯೂ ಪೇಪರ್, ಮಾತ್ರೆ ಡಬ್ಬಿ. ಪೆನ್ಸಿಲ್, ಯಾಕೆಂದರೆ ಪೆನ್ನಿನ ಬರಹ ಒದ್ದೆಯಾದರೆ ಅಳಿಸುತ್ತದೆ. ನೋಟ್‌ಬುಕ್. ಜಾಗ ಗುರುತಿಸಲು ಫೋನಿನ ಜಿಪಿಎಸ್ ಸಾಕು. ದುಡ್ಡು ಹಾಕುವುದಿದ್ದರೆ ಕಂಪ್ಯೂಟರ್‌ಗೆ ಸಿಕ್ಕಿಸುವ ಯುಎಸ್‌ಬಿ ಮೈಕ್ರೋಸ್ಕೋಪ್‌ಗೆ ಹಾಕಿ. ದುಬಾರಿ ಸುತ್ತಿಗೆಗೆ ಬೇಡ.

ಮಳೆಗಾಲ ಮುಗಿದ ಮೇಲೆ ಹೋಗುವುದು ಒಳ್ಳೆಯದು. ಮಳೆ ಮಣ್ಣನ್ನು ತೊಳೆದು ಹೊಸ ತುಂಡುಗಳನ್ನು ಮೇಲಕ್ಕೆ ತಂದಿರುತ್ತದೆ. ಆದರೆ ಅಕ್ಟೋಬರ್, ನವೆಂಬರ್‌ನಲ್ಲಿ ಕೇರಳದಲ್ಲಿ ಮಧ್ಯಾಹ್ನದ ನಂತರ ಸಿಡಿಲು ಜೋರು. ಕೆರೆ ದಂಡೆಯಲ್ಲಿ, ಬಯಲಿನಲ್ಲಿ ನಿಲ್ಲಬೇಡಿ. ಬೆಳಗ್ಗೆಯೇ ಕೆಲಸ ಮುಗಿಸಿ. ಕೆಸರು ನೀರಿಗೆ ಇಳಿಯುವಾಗ ಮೊಣಕಾಲಿನವರೆಗಿನ ಬೂಟು ಹಾಕಿ. ಕಾಲಲ್ಲಿ ಗಾಯ ಇದ್ದರೆ ಇಳಿಯಲೇಬೇಡಿ. ಇಲಿಜ್ವರ ತಮಾಷೆಯ ವಿಷಯ ಅಲ್ಲ. ಬಂದು ವಾರ ಎರಡು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಕೆಸರಿಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಹೇಳಿ.

ಕೊಲ್ಲಂ: ಎಲ್ಲಿ, ಏನು

ಕೊಲ್ಲಂ ಪಟ್ಟಣದ ಪಕ್ಕದ ಅಷ್ಟಮುಡಿ ಕಾಯಲಿನ (ಹಿನ್ನೀರಿನ) ದಂಡೆಯಲ್ಲಿ ಪಡಪ್ಪಕ್ಕರ ಅಂತ ಒಂದು ಊರಿದೆ. ಕುಂಡರ ಕಡೆಯಿಂದ ಹೋಗಬೇಕು. ಅಲ್ಲಿ ದಂಡೆಯ ದಿಬ್ಬದ ಬುಡದಲ್ಲಿ ಸುಣ್ಣದಕಲ್ಲಿನ ಪದರ ತೆರೆದುಕೊಂಡಿದೆ. ಭೂವಿಜ್ಞಾನದವರು ಇದನ್ನು ಕ್ವಿಲಾನ್ ಫಾರ್ಮೇಶನ್ ಅನ್ನುತ್ತಾರೆ. ವಯಸ್ಸು ಸುಮಾರು 1.6ರಿಂದ 2 ಕೋಟಿ ವರ್ಷ, ಅಂದರೆ ಮಯೋಸೀನ್ ಕಾಲದ ಮೊದಲ ಭಾಗ. ಆಗ ಇಲ್ಲಿ ಆಳವಿಲ್ಲದ ಬೆಚ್ಚಗಿನ ಸಮುದ್ರ, ತಳದಲ್ಲಿ ಸಮುದ್ರಹುಲ್ಲು. ಹುಲ್ಲಿನ ನಡುವೆ ಶಂಖ, ಕಪ್ಪೆಚಿಪ್ಪು, ಹವಳ, ಏಡಿ. 19ನೇ ಶತಮಾನದಿಂದಲೇ ಈ ಕಲ್ಲಿನ ಬಗ್ಗೆ ಬರೆದವರಿದ್ದಾರೆ. ಇಲ್ಲಿನ ಏಡಿಗಳ ಬಗ್ಗೆಯೂ 1970ರ ದಶಕದಲ್ಲಿ ಪ್ರಬಂಧ ಬಂದಿದೆ.

ಸರಿಯಾದ ಪದರಕ್ಕೆ ಬಂದಿದ್ದೀರಾ ಅಂತ ತಿಳಿಯುವುದು ಹೇಗೆ? ಕಲ್ಲಿನ ಮೇಲ್ಮೈಯನ್ನು ಒದ್ದೆ ಮಾಡಿ ಮಸೂರದಿಂದ ನೋಡಿ. ಚಪ್ಪಟೆಯ, ದುಂಡಗಿನ, ಕೆಲವು ಮಿಲಿಮೀಟರ್ ಅಗಲದ ಬಿಲ್ಲೆಗಳು ಕಾಣಬೇಕು. ಅಡ್ಡ ಮುರಿದಿದ್ದರೆ ಒಳಗೆ ಸಾಲು ಸಾಲು ಕೋಣೆಗಳು. ಅದು ಸ್ಯೂಡೋಟಾಬೆರಿನಾ ಮಲಬಾರಿಕಾ, ಏಕಕೋಶ ಜೀವಿಯ ಚಿಪ್ಪು. ಹೆಸರಿನಲ್ಲೇ ಮಲಬಾರ್ ಇದೆ ನೋಡಿ. ಈ ಬಿಲ್ಲೆ ಕಂಡರೆ ನೀವು ಸರಿಯಾದ ಕಲ್ಲಿನ ಮುಂದೆ ಕೂತಿದ್ದೀರಿ.

ಅನುಮತಿ ಕೇಳುವುದು ಮೊದಲ ಕೆಲಸ. ದಂಡೆಯ ಜಾಗಗಳಿಗೆ ಪಕ್ಕದ ಮನೆಯವರ ಹಿತ್ತಿಲು ದಾಟಿಯೇ ಹೋಗಬೇಕಾಗಬಹುದು. ಇಲ್ಲಿ ಕಾಸರಗೋಡಿನವರಿಗೆ ಒಂದು ದೊಡ್ಡ ಅನುಕೂಲ, ಮಲಯಾಳ ಬರುತ್ತದೆ. 'ಚೇಟ್ಟಾ, ಪಳಯ ಞಂಡಿಂಡೆ ಕಲ್ಲು ನೋಕ್ಕಾನ್ ವನ್ನದಾ' (ಅಣ್ಣಾ, ಹಳೆಯ ಏಡಿಯ ಕಲ್ಲು ನೋಡಲು ಬಂದದ್ದು) ಅಂದರೆ ಸಾಕು. ಮೊದಲು ಒಂದು ನಗು, ಆಮೇಲೆ ದಾರಿ ಎರಡೂ ಸಿಗುತ್ತವೆ. ಚಹಾ ಸಿಕ್ಕರೂ ಸಿಗಬಹುದು. ಕೇಳದೆ ಬೇಲಿ ದಾಟಿದರೆ ಮುಂದಿನವರಿಗೂ ಬಾಗಿಲು ಮುಚ್ಚುತ್ತದೆ.

ಇನ್ನು ಕಾನೂನು. ಪಳೆಯುಳಿಕೆ ಮತ್ತು ಭೂಪರಂಪರೆಯ ತಾಣಗಳಿಗಾಗಿ ಕೇಂದ್ರದ ಗಣಿ ಇಲಾಖೆ 2022ರಲ್ಲಿ ಒಂದು ಕರಡು ಮಸೂದೆ ಪ್ರಕಟಿಸಿತು. ಅದೇನೇ ಇರಲಿ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ ಜಾಗದಲ್ಲಿ ಕೈ ಹಾಕುವ ಹಾಗಿಲ್ಲ. ಕೊಲ್ಲಂನಿಂದ ಹತ್ತಿರದ ವರ್ಕಲದ ಕಡಲ ದಿಬ್ಬ ಅಂಥದ್ದು. ಅಲ್ಲಿ ಹೋಗಿ ಫೋಟೋ ತೆಗೆಯಿರಿ, ಸುತ್ತಿಗೆ ಚೀಲದಲ್ಲೇ ಇರಲಿ. ಅಷ್ಟಮುಡಿ ಕಾಯಲು 2002ರಿಂದ ರಾಮ್ಸಾರ್ ಪಟ್ಟಿಯಲ್ಲಿದೆ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಯಲ್ಲಿ. ಜೀವಂತ ಹವಳ ಮುಟ್ಟುವುದು, ದಂಡೆಯನ್ನು ಅಗೆಯುವುದು ಬೇಡವೇ ಬೇಡ.

ನನ್ನ ಅಭಿಪ್ರಾಯದಲ್ಲಿ ಹವ್ಯಾಸಿಗೆ ನಿಂತ ಗೋಡೆಯನ್ನು ಒಡೆಯುವ ಹಕ್ಕೇ ಇಲ್ಲ. ಕೆಳಗೆ ಉದುರಿದ ತುಂಡುಗಳಲ್ಲೇ ಬೇಕಾದಷ್ಟಿದೆ. ಮುಂದಿನ ಮಳೆಗೆ ಅವು ಹೇಗೂ ಕಾಯಲಿನ ಪಾಲು.

ಕೂತು ನೋಡುವ ವಿಧಾನ

ಹೊಸಬರು ಓಡಾಡುತ್ತಾ ಹುಡುಕುತ್ತಾರೆ. ಕೂತುಕೊಳ್ಳಿ. ಒಂದು ಚಾಪೆಯಗಲದ ಜಾಗ ಆರಿಸಿಕೊಳ್ಳಿ, ಅದನ್ನು ಪೂರ್ತಿ ನೋಡಿ ಮುಗಿಸದೆ ಏಳಬೇಡಿ. ಬೆಳಗಿನ ಓರೆ ಬಿಸಿಲು ಒಳ್ಳೆಯದು, ಉಬ್ಬು ತಗ್ಗುಗಳಿಗೆ ನೆರಳು ಬರುತ್ತದೆ. ನೆತ್ತಿಯ ಮೇಲೆ ಸೂರ್ಯ ಬಂದರೆ ಎಲ್ಲ ಒಂದೇ ಬಿಳಿ.

ಏಡಿಯ ತುಂಡು ಬೇರೆ ಚಿಪ್ಪುಗಳ ನಡುವೆ ಸಾಮಾನ್ಯವಾಗಿ ಹೊಳಪಿನಿಂದ, ಇಲ್ಲವೇ ಸ್ವಲ್ಪ ಕಂದು ಛಾಯೆಯಿಂದ ಬೇರೆಯಾಗಿ ಕಾಣುತ್ತದೆ. ಮೇಲೆ ಕಾಳುಕಾಳು ಇರುತ್ತದೆ. ಕಪ್ಪೆಚಿಪ್ಪಿನ ಹಾಗೆ ಒಂದರ ಹಿಂದೆ ಒಂದು ಬೆಳವಣಿಗೆಯ ಗೆರೆಗಳು ಏಡಿಗೆ ಇರುವುದಿಲ್ಲ. ಬೆಳೆಯುವ ಬದಲು ಕಳಚುತ್ತದಲ್ಲ, ಗೆರೆ ಬರುವುದು ಎಲ್ಲಿಂದ?

ಮೋಸ ಹೋಗುವುದು ಸುಲಭ. ಮೊನಚಾದದ್ದೆಲ್ಲ ಬೆರಳಲ್ಲ. ಮೀನಿನ ಹಲ್ಲು ನುಣುಪಾಗಿ ಹೊಳೆಯುತ್ತದೆ, ಅದಕ್ಕೆ ಇನ್ನೊಂದು ಹಲ್ಲಿನ ಸಾಲು ಇರುವುದಿಲ್ಲ. ಕಡಲಕುಡಿಕೆಯ (ಮೈತುಂಬ ಮುಳ್ಳಿರುವ ಸಮುದ್ರಜೀವಿ, ಸೀ ಅರ್ಚಿನ್) ಮುಳ್ಳು ಮುರಿದ ಜಾಗದಲ್ಲಿ ಓರೆಯಾಗಿ, ಕನ್ನಡಿ ಚೂರಿನ ಹಾಗೆ ಫಳಕ್ಕನೆ ಮಿಂಚುತ್ತದೆ, ಯಾಕೆಂದರೆ ಇಡೀ ಮುಳ್ಳು ಒಂದೇ ಹರಳು. ಆನೆದಂತದ ಆಕಾರದ ದಂತಚಿಪ್ಪು ಎರಡೂ ತುದಿಯಲ್ಲಿ ತೆರೆದ ಕೊಳವೆ. ಹುಳುಗಳ ಕೊಳವೆ ಸುರುಳಿ ಸುತ್ತಿರುತ್ತದೆ. ಅನುಮಾನ ಬಂದರೆ ಆ ನಾಲ್ಕು ಗುರುತು ನೆನಪಿಸಿಕೊಳ್ಳಿ: ಕೀಲು, ಹಲ್ಲಿನ ಸಾಲು, ಗೀರಿನೊಳಗಿನ ಗುಂಡಿ, ಗೋಡೆ ಇರುವ ಟೊಳ್ಳು. ಎರಡಾದರೂ ಇದ್ದರೆ ತೆಗೆದುಕೊಳ್ಳಿ.

ದೊಡ್ಡ ಸಿಂಪಿ, ಕಪ್ಪೆಚಿಪ್ಪಿನ ಬೆನ್ನ ಮೇಲೂ ಕಣ್ಣಾಡಿಸಿ. ಬಾರ್ನಕಲ್ ಅಂಟಿಕೊಂಡಿದ್ದರೆ ಬಿಡಿಸಬೇಡಿ. ಯಾವುದರ ಮೇಲೆ ಕೂತಿತ್ತು ಅನ್ನುವುದೇ ಅದರ ಕಥೆ. ಹಾಗೆಯೇ, ಬೆನ್ನಿನ ಚಿಪ್ಪು ಸಿಕ್ಕಿ, ಅದರ ಒಂದು ಬದಿ ಮಾತ್ರ ಊದಿಕೊಂಡ ಹಾಗಿದ್ದರೆ ಸೊಟ್ಟಗಿದೆ ಅಂತ ಎಸೆಯಬೇಡಿ. ಏಡಿಯ ಕಿವಿರಿನೊಳಗೆ ಸೇರಿಕೊಂಡು ರಕ್ತ ಹೀರುವ ಐಸೋಪಾಡ್ ಅನ್ನುವ ಪರಾವಲಂಬಿ ಇದೆ. ಅದೂ ಏಡಿಯ ಬಳಗದ್ದೇ! ಆ ಊತ ಪಳೆಯುಳಿಕೆಯಲ್ಲೂ ಉಳಿಯುತ್ತದೆ. ಎರಡು ಕೋಟಿ ವರ್ಷದ ಹಿಂದಿನ ಕಾಯಿಲೆ ಕೈಯಲ್ಲಿ ಹಿಡಿದ ಹಾಗೆ.

ಸಿಕ್ಕ ತುಂಡನ್ನು ಅಲ್ಲೇ ಕೆರೆದು ಬಿಡಿಸಲು ಹೋಗಬೇಡಿ. ಸುತ್ತಲಿನ ಕಲ್ಲು ಸಮೇತ ಎತ್ತಿ, ಟಿಶ್ಯೂ ಸುತ್ತಿ, ಚೀಲಕ್ಕೆ ಹಾಕಿ. ಎತ್ತುವ ಮೊದಲು ಇದ್ದ ಹಾಗೇ ಒಂದು ಫೋಟೋ, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ. ಚೀಲದೊಳಗೆ ಚೀಟಿ: ದಿನಾಂಕ, ಜಾಗ, ಜಿಪಿಎಸ್, ಯಾವ ಪದರ, ಉದುರಿದ್ದೋ ಪದರದಲ್ಲೇ ಇದ್ದದ್ದೋ. ಚೀಟಿ ಇಲ್ಲದ ಪಳೆಯುಳಿಕೆ ಸುಮ್ನೆ ಒಂದು ಚೆಂದದ ಕಲ್ಲು, ಅಷ್ಟೇ.

ಹೊರಡುವ ಮೊದಲು ಉದುರಿದ ಮೆತ್ತನೆಯ ಸುಣ್ಣಜೇಡಿಯನ್ನು ಒಂದು ಕಿಲೋ ತುಂಬಿಸಿಕೊಳ್ಳಿ. ನಿಜವಾದ ಖಜಾನೆ ಅದರಲ್ಲಿದೆ.

ಮಣ್ಣು ತೊಳೆದು ಆಸ್ಟ್ರಕಾಡ್ ಹೆಕ್ಕುವುದು

ಆಸ್ಟ್ರಕಾಡ್ ಅಂದರೆ ಎರಡು ಚಿಪ್ಪಿನ ನಡುವೆ ಮುಚ್ಚಿಕೊಂಡು ಬದುಕುವ ಪುಟ್ಟ ಪ್ರಾಣಿ. ನೋಡಿದರೆ ಕಪ್ಪೆಚಿಪ್ಪು ಅನ್ನಬೇಕು, ಒಳಗೆ ಕಾಲುಗಳಿರುವ ಸಿಗಡಿಯ ಸಂಬಂಧಿ. ಗಾತ್ರ ಹೆಚ್ಚಾಗಿ ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರ್. 45 ಕೋಟಿ ವರ್ಷಕ್ಕೂ ಹಿಂದಿನಿಂದ ಇವೆ. ಸಮುದ್ರ, ಹಿನ್ನೀರು, ಕೆರೆ, ಬಾವಿ, ಎಲ್ಲ ಕಡೆ ಇವೆ. ಎಣ್ಣೆ ಬಾವಿ ಕೊರೆಯುವವರು ಪದರಗಳ ವಯಸ್ಸು ತಿಳಿಯಲು ಇವನ್ನೇ ನೋಡುತ್ತಾರೆ. ಹವ್ಯಾಸಿಗೆ ಚೆನ್ನಾಗಿ ಉಳಿದ ಕಠಿಣಚರ್ಮಿ (ಏಡಿ, ಸಿಗಡಿಗಳ ಬಳಗದ) ಪಳೆಯುಳಿಕೆ ಬೇಕೇ ಬೇಕು ಅಂದರೆ ಖಾತ್ರಿ ದಾರಿ ಇದೊಂದೇ.

ಕೊಲ್ಲಂನ ಮಣ್ಣು ಹಾಳು ಮಾಡುವ ಮೊದಲು ಚಂದ್ರಗಿರಿ ಹೊಳೆಯ ಅಳಿವೆಯ ಕಡೆಯ ಒಂದು ಹಿಡಿ ಕೆಸರಿನಲ್ಲಿ ಅಭ್ಯಾಸ ಮಾಡಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ ಕೆದಕಬೇಡಿ, ತೆರೆದ ದಂಡೆಯದು ಸಾಕು. ಈಗಿನ ಕಾಲದ ಚಿಪ್ಪುಗಳೇ ಸಿಗುತ್ತವೆ, ಕಣ್ಣು ಪಳಗುತ್ತದೆ.

ಮಣ್ಣನ್ನು ಮೊದಲು ಪೂರ್ತಿ ಒಣಗಿಸಿ. ಇದನ್ನು ಬಿಟ್ಟವರು ಆಮೇಲೆ ಗಂಟೆಗಟ್ಟಲೆ ಉಂಡೆ ಹಿಸುಕುತ್ತಾ ಕೂರುತ್ತಾರೆ. ಚೆನ್ನಾಗಿ ಒಣಗಿದ ಜೇಡಿಗೆ ನೀರು ಬಿದ್ದರೆ ತಾನಾಗಿ ಬಿರಿದು ಪುಡಿಯಾಗುತ್ತದೆ. ಬಕೆಟ್‌ಗೆ ಹಾಕಿ, ಬಿಸಿನೀರು, ಒಂದು ಚಮಚ ವಾಷಿಂಗ್ ಸೋಡಾ. ರಾತ್ರಿಯಿಡೀ ಬಿಡಿ. ಬೆಳಗ್ಗೆ ಕೈಯಿಂದ ಮೆಲ್ಲಗೆ ಕಲಕಿ ಜರಡಿಗೆ ಸುರಿಯಿರಿ. ಉಜ್ಜಬಾರದು.

ಎರಡು ಜರಡಿ ಬೇಕು. ಮೇಲೆ ಚಹಾ ಸೋಸುವ ಸ್ಟೀಲ್ ಜಾಲರಿ, ದೊಡ್ಡ ಕಸ ಹಿಡಿಯಲು. ಕೆಳಗಿನದಕ್ಕೆ ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ಕಣ್ಣಿರುವ ಬಟ್ಟೆ ಬೇಕು. ಸ್ಕ್ರೀನ್ ಪ್ರಿಂಟಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಜಾಲರಿ ಬಟ್ಟೆಯನ್ನು ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡಿಗೆ ಬಿಗಿದು ಅಂಟಿಸಿದರೆ ಆಯಿತು. ನೀರು ತಿಳಿಯಾಗುವವರೆಗೆ ತೊಳೆಯಿರಿ. ಕೆಸರು ನೀರನ್ನು ಬಚ್ಚಲಿಗೆ ಬಿಡಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ. ತೆಂಗಿನ ಬುಡಕ್ಕೆ ಹೋಗಲಿ. ಜರಡಿಯಲ್ಲಿ ಉಳಿದದ್ದನ್ನು ಸ್ಟೀಲ್ ತಟ್ಟೆಗೆ ತೆಗೆದು ನೆರಳಲ್ಲಿ ಒಣಗಿಸಿ.

ಒಂದು ಜಾಗದ ಮಣ್ಣಿನದು ಇನ್ನೊಂದಕ್ಕೆ ಬೆರೆತರೆ ಎಲ್ಲ ಶ್ರಮ ನೀರಿಗೆ. ಪ್ರತಿ ಸಲ ತೊಳೆದ ಮೇಲೆ ಜರಡಿಯನ್ನು ಮೆಥಿಲೀನ್ ಬ್ಲೂ ನೀರಿನಲ್ಲಿ ಅದ್ದಿ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಔಷಧಿ ಅಂತ ಮಾರುತ್ತಾರೆ, ಅದೇ. ಕಣ್ಣುಗಳಲ್ಲಿ ಸಿಕ್ಕಿಕೊಂಡ ಹಳೆಯ ಚಿಪ್ಪು ನೀಲಿಯಾಗುತ್ತದೆ. ಮುಂದಿನ ಸಲ ನೀಲಿ ಚಿಪ್ಪು ಕಂಡರೆ ಅದು ಹಳೆಯದು, ಲೆಕ್ಕಕ್ಕಿಲ್ಲ.

ಹೆಕ್ಕುವಾಗ ಕಪ್ಪು ಕಾಗದದ ಮೇಲೆ ಚಿಟಿಕೆಯಷ್ಟು ಹರಡಿ. ಅತಿ ಸಣ್ಣ ಚಿತ್ರಕಲೆಯ ಬ್ರಷ್ಷಿನ ತುದಿಯನ್ನು ಒದ್ದೆ ಮಾಡಿ ತಾಗಿಸಿದರೆ ಚಿಪ್ಪು ಅಂಟಿಕೊಂಡು ಬರುತ್ತದೆ. ಹೆಸರುಬೇಳೆಯ ಆಕಾರ ಹುಡುಕಿ. ನುಣುಪಾಗಿರಬಹುದು, ಜಾಲಿಯ ಹಾಗೆ ಕೆತ್ತನೆ ಇರಬಹುದು. ಒಳಬದಿಯಲ್ಲಿ, ನಡುವೆ, ಸ್ನಾಯು ಅಂಟಿಕೊಂಡಿದ್ದ ಸಣ್ಣ ಚುಕ್ಕೆಗಳ ಗುಂಪು ಕಂಡರೆ ನಿಮ್ಮ ಮಾದರಿ ಮೊದಲ ದರ್ಜೆಯದು. ಎರಡೂ ಚಿಪ್ಪು ಜೋಡಿಯಾಗಿಯೇ ಇದ್ದರೆ ಇನ್ನೂ ಸಂತೋಷ, ಅಲೆಯ ಹೊಡೆತವಿಲ್ಲದೆ ಬೇಗ ಹೂತದ್ದು ಅಂತ ಲೆಕ್ಕ. ಒಂದೇ ಜಾತಿಯ ಚಿಕ್ಕದು ದೊಡ್ಡದು ಸಿಕ್ಕರೆ ಬೇರೆ ಬೇರೆ ಜಾತಿ ಅಂದುಕೊಳ್ಳಬೇಡಿ. ಆಸ್ಟ್ರಕಾಡ್ ದೊಡ್ಡದಾಗುವುದರೊಳಗೆ ಸಾಮಾನ್ಯವಾಗಿ 8 ಸಲ ಚಿಪ್ಪು ಕಳಚುತ್ತದೆ.

ಏಡಿಯ ತುಂಡನ್ನು ಕಲ್ಲಿನಿಂದ ಬಿಡಿಸುವುದು

ಇಲ್ಲಿ ಒಂದು ನಿಯಮ ಗಟ್ಟಿಯಾಗಿ ಹಿಡಿಯಿರಿ. ವಿನೆಗರ್ ಬೇಡ, ನಿಂಬೆರಸ ಬೇಡ, ಟಾಯ್ಲೆಟ್ ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ. ಕಲ್ಲೂ ಸುಣ್ಣ, ಚಿಪ್ಪೂ ಸುಣ್ಣ. ಆಸಿಡ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಶಾರ್ಕ್ ಹಲ್ಲು ಬಿಡಿಸುವ ವೀಡಿಯೊ ನೋಡಿ ಏಡಿಗೆ ವಿನೆಗರ್ ಹಾಕಿದರೆ ಬೆಳಗ್ಗೆ ಬಟ್ಟಲಲ್ಲಿ ಕೆಸರು ಮಾತ್ರ ಇರುತ್ತದೆ.

ಸೂಜಿಯೇ ದಾರಿ. ಹಿಡಿಗೆ ಸಿಕ್ಕಿಸಿದ ಗಟ್ಟಿ ಸೂಜಿ, ಇಲ್ಲವೇ ಹಲ್ಲಿನ ಡಾಕ್ಟರ ಹತ್ತಿರ ಬಳಸಿ ಬಿಟ್ಟ ಕೊಕ್ಕೆಗಳಿದ್ದರೆ ಕೇಳಿ ತನ್ನಿ. ಪಳೆಯುಳಿಕೆಯ ಕಡೆಗೆ ಯಾವತ್ತೂ ಒತ್ತಬೇಡಿ, ಅದರಿಂದ ಆಚೆಗೆ ಕೆರೆಯಿರಿ. ಚಿಪ್ಪಿಗೂ ಕಲ್ಲಿಗೂ ನಡುವಿನ ಸಂದು ಸಿಕ್ಕ ಮೇಲೆ ಕಲ್ಲು ಪದರ ಪದರವಾಗಿ ಹಾರುತ್ತದೆ. ಕಲ್ಲನ್ನು ಆಗಾಗ ಒದ್ದೆ ಮಾಡಿ, ಮೂಗಿಗೆ ಎನ್95 ಮಾಸ್ಕ್ ಹಾಕಿ, ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬೆರಳಿನ ಹಲ್ಲುಗಳ ನಡುವಿನ ಕಲ್ಲನ್ನು ಪೂರ್ತಿ ತೆಗೆಯುವ ಹಟ ಬೇಡ. ಅರ್ಧ ಬಿಟ್ಟರೂ ಗುರುತಿಗೆ ಸಾಕು. ಹಲ್ಲು ಮುರಿದರೆ ವಾಪಸ್ ಬರುವುದಿಲ್ಲ.

ಚಿಪ್ಪು ಪುಡಿಯಾಗುವಂತಿದ್ದರೆ ಗಟ್ಟಿ ಮಾಡಬೇಕು. ಮ್ಯೂಸಿಯಂಗಳಲ್ಲಿ ಬಳಸುವುದು ಪ್ಯಾರಾಲಾಯ್ಡ್ ಬಿ-72 ಅನ್ನುವ ಹರಳಿನಂಥ ಪ್ಲಾಸ್ಟಿಕ್. ಅಸಿಟೋನ್‌ನಲ್ಲಿ ನೂರಕ್ಕೆ 5 ಭಾಗದಷ್ಟು ಕರಗಿಸಿ, ಬ್ರಷ್ಷಿನಿಂದ ಹನಿ ಹನಿ ಕುಡಿಸಿ. ಇದರ ಗುಣ ಏನೆಂದರೆ ಬೇಡವಾದಾಗ ಅಸಿಟೋನ್‌ನಿಂದಲೇ ಮತ್ತೆ ತೆಗೆಯಬಹುದು. ಫೆವಿಕ್ವಿಕ್ ಹಾಕಿದರೆ ತೆಗೆಯುವುದು ಕಷ್ಟ. ಅಸಿಟೋನ್‌ಗೆ ಬೆಂಕಿ ಬೇಗ ಹತ್ತುತ್ತದೆ. ಗ್ಯಾಸ್ ಒಲೆಯ ಹತ್ತಿರ, ದೇವರ ದೀಪದ ಹತ್ತಿರ ಈ ಕೆಲಸ ಬೇಡ.

ಅರಿಯಲೂರಿಗೆ ಹೋಗುವವರಿಗೆ

ತಮಿಳುನಾಡಿನ ಅರಿಯಲೂರು, ಪೆರಂಬಲೂರು ಕಡೆ ಕ್ರಿಟೇಶಿಯಸ್ ಕಾಲದ, ಅಂದರೆ ಡೈನೋಸಾರ್‌ಗಳು ಇನ್ನೂ ಇದ್ದ ಕಾಲದ, ಸಮುದ್ರದ ಪದರಗಳಿವೆ. 1840ರ ದಶಕದಿಂದ ಪ್ರಸಿದ್ಧ. ಕಾಸರಗೋಡಿನಿಂದ ಸೇಲಂವರೆಗೆ ರೈಲು, ಮುಂದೆ ಬಸ್. ಹೊಸೂರು, ಕೃಷ್ಣಗಿರಿಯ ಕನ್ನಡಿಗರಿಗೆ ಇನ್ನೂ ಹತ್ತಿರ. ಅಲ್ಲಿ ಏಡಿಗಿಂತ ಏಡಿಯ ಬಳಗದವರ ಬಿಲ ನೋಡುವುದು ಹೆಚ್ಚು ಸುಲಭ. ಕವೆಯಾಗಿ ಒಡೆಯುವ, ಬೆರಳು ದಪ್ಪದ ಕಲ್ಲಿನ ಕೊಳವೆಗಳು, ಕೆಸರಿನಲ್ಲಿ ಸುರಂಗ ತೋಡುವ ಸಿಗಡಿಯಂಥ ಪ್ರಾಣಿಗಳ ಕೆಲಸ. ಹೆಸರು ತಲಾಸಿನಾಯ್ಡಿಸ್. ಕಾರೈ ಬಂಜರು ಭೂಮಿ ರಾಷ್ಟ್ರೀಯ ಸ್ಮಾರಕ, ಏನೂ ಎತ್ತಬಾರದು. ಸಿಮೆಂಟ್ ಕಂಪನಿಗಳ ಗಣಿಗೆ ಲಿಖಿತ ಅನುಮತಿ, ಹೆಲ್ಮೆಟ್ ಇಲ್ಲದೆ ಕಾಲಿಡಬಾರದು.

ದುಡ್ಡು ಕೊಟ್ಟು ಕೊಳ್ಳುವವರಿಗೆ ಎರಡೇ ಮಾತು. ಆನ್‌ಲೈನಿನಲ್ಲಿ ಸಿಗುವ 'ಇಡೀ ಏಡಿ'ಯಲ್ಲಿ ಕಾಲುಗಳು ಬೇರೆ ಬೇರೆ ಏಡಿಯದ್ದಾಗಿರಬಹುದು, ಅಥವಾ ಪೇಂಟ್ ಮಾಡಿರಬಹುದು. ಅಸಿಟೋನ್ ಅದ್ದಿದ ಹತ್ತಿ ಒರೆಸಿದರೆ ಬಣ್ಣ ಬಿಡುತ್ತದೋ ನೋಡಿ. ಟ್ರೈಲೋಬೈಟ್ (ಎಂದೋ ಅಳಿದುಹೋದ ಸಮುದ್ರಜೀವಿ) ಅನ್ನು ಏಡಿಯ ಅಜ್ಜ ಅಂತ ಮಾರುವವರ ಮಾತು ನಂಬಬೇಡಿ, ಅದರ ಬಳಗವೇ ಬೇರೆ. 2021ರಲ್ಲಿ ಸುದ್ದಿ ಮಾಡಿದ, ಸುಮಾರು 10 ಕೋಟಿ ವರ್ಷ ಹಿಂದಿನ ಅಂಬರಿನೊಳಗಿನ (ಕಲ್ಲಾದ ಮರದ ಅಂಟಿನೊಳಗಿನ) ಏಡಿ ಮ್ಯಾನ್ಮಾರ್‌ನದು. ಆ ಗಣಿಗಳ ಸುತ್ತ ನಡೆದಿರುವ ಯುದ್ಧ ಗೊತ್ತಿದ್ದವರು ಮ್ಯಾನ್ಮಾರ್ ಅಂಬರ್ ಕೊಳ್ಳುವ ಮೊದಲು ಯೋಚಿಸುತ್ತಾರೆ, ಅಲ್ವಾ?

ಇಡುವುದು, ತೋರಿಸುವುದು

ನಮ್ಮ ಮಳೆಗಾಲದಲ್ಲಿ ಉಪ್ಪು ನೀರಾಗುತ್ತದೆ, ಚೀಟಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಪೊಟ್ಟಣ ಬದಲಿಸಿ. ಅಜ್ಜನ ಕಾಲದ ಮರದ ಪೆಟ್ಟಿಗೆ ಚೆಂದ ಕಾಣುತ್ತದೆ ನಿಜ. ಆದರೆ ಮರ, ಪ್ಲೈವುಡ್ ಬಿಡುವ ಆಮ್ಲದ ಆವಿ ತೇವದ ಜೊತೆ ಸೇರಿ ಸುಣ್ಣದ ಚಿಪ್ಪಿನ ಮೇಲೆ ಬಿಳಿ ಪುಡಿ ಬರಿಸುತ್ತದೆ, ನಿಧಾನಕ್ಕೆ ತಿನ್ನುತ್ತದೆ. ಆಸ್ಟ್ರಕಾಡ್‌ಗಳನ್ನು ಕಪ್ಪು ಕಾಗದ ಅಂಟಿಸಿದ ಸಣ್ಣ ಡಬ್ಬಿಯಲ್ಲಿ, ನೀರಿನಲ್ಲಿ ಕರಗುವ ಗೋಂದಿನ ಚುಕ್ಕೆಯ ಮೇಲೆ ಕೂರಿಸಿ. ಬೇಕೆಂದಾಗ ಒದ್ದೆ ಬ್ರಷ್ಷಿನಿಂದ ಎಬ್ಬಿಸಬಹುದು.

ಗುರುತು ಹಿಡಿಯಲಾಗದ್ದು ಸಿಕ್ಕರೆ ದೂರ ಹೋಗಬೇಕಿಲ್ಲ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗ ಇದೆ. ಗಡಿ ದಾಟಿದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕಡಲ ಭೂವಿಜ್ಞಾನ ವಿಭಾಗ ಇದೆ. ಮೊದಲು ಇಮೇಲ್ ಕಳಿಸಿ. ಅದರಲ್ಲಿ ನಾಲ್ಕು ಕಡೆಯಿಂದ ತೆಗೆದ ಫೋಟೋ, ಅಳತೆ, ಚೀಟಿಯ ವಿವರ ಇರಲಿ. 'ಸರ್, ಇದು ಏನು' ಅನ್ನುವ ಒಂದೇ ಸಾಲಿಗೆ ಯಾರೂ ಉತ್ತರಿಸುವುದಿಲ್ಲ. ಅವರು ಮಾದರಿ ಸಂಗ್ರಹಕ್ಕೆ ಬೇಕು ಅಂದರೆ ಕೊಟ್ಟುಬಿಡಿ, ಹುಡುಕಿದವರ ಹೆಸರು ಚೀಟಿಯಲ್ಲಿ ಬರೆಯುವಂತೆ ಕೇಳಿಕೊಳ್ಳಿ. ಹೊಸ ಜಾತಿ ಅಂತ ಹೆಸರಿಡಬೇಕಾದರೆ ಮೂಲ ಮಾದರಿ ಬೇರೆಯವರೂ ಬಂದು ನೋಡಬಹುದಾದ ಸಂಗ್ರಹದಲ್ಲಿರಬೇಕು, ಮನೆಯ ಕಪಾಟಿನಲ್ಲಿದ್ದರೆ ಆ ಕೆಲಸ ಮುಂದೆ ಸಾಗುವುದಿಲ್ಲ. ಕೊಡುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಬೆರಳಿನ ಅಚ್ಚು ಬೇಕಿದ್ದರೆ ಆ ಕೆಲಸವನ್ನು ವಿಭಾಗದವರಿಗೇ ಬಿಡಿ. ಮನೆಯಲ್ಲಿ ಸಿಲಿಕೋನ್ ಹಾಕಿ ಎಳೆದರೆ ಹಲ್ಲಿನ ಸಾಲು ಅಚ್ಚಿನ ಜೊತೆಗೇ ಕಿತ್ತು ಬರುತ್ತದೆ.